ಸುಂಕ ಇಳಿಯಲಿ ಅಂತ ಕಾಯಬೇಕಾ?

ಪ್ರಶ್ನೆ: ನಾನಿರುವುದು ತುಮಕೂರಿನಲ್ಲಿ. ಪೀಣ್ಯದ ಒಂದು ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ದಿನಕ್ಕೆ ಹೋಗಿ ಬರಲು 120 ಕಿಲೋಮೀಟರ್. ಹಳೇ ಪೆಟ್ರೋಲ್ ಕಾರು ಮಾರಿ 18 ಲಕ್ಷದೊಳಗೆ ಎಲೆಕ್ಟ್ರಿಕ್ ಕಾರು ಕೊಳ್ಳುವ ಆಸೆ. ಆದರೆ ಅಮೆರಿಕದಲ್ಲಿರುವ ನನ್ನ ಭಾವ, "ಇಲ್ಲಿ ಟೆಸ್ಲಾ ಮಾಡೆಲ್ ವೈ 40 ಲಕ್ಷದೊಳಗೆ ಬರುತ್ತೆ, ನಿಮ್ಮಲ್ಲಿ 60 ಲಕ್ಷ. ಎಲ್ಲಾ ಸುಂಕದ ಆಟ. ಸುಂಕ ಇಳಿದರೆ ವಿದೇಶಿ ಕಾರು ಅಗ್ಗ ಆಗುತ್ತೆ, ಎರಡು ವರ್ಷ ಕಾಯಿ" ಎನ್ನುತ್ತಾರೆ. ಕಾಯಲೇ? ಇನ್ನೊಂದು ವಿಷಯ. ನಮ್ಮ ಕಾರ್ಖಾನೆಯ ಮಾಲಿನಲ್ಲಿ ಅರ್ಧದಷ್ಟು ಅಮೆರಿಕಕ್ಕೆ ಹೋಗುತ್ತದೆ. ಅಲ್ಲಿನ ಸುಂಕ, ಜೊತೆಗೆ ಈ ಎಲೆಕ್ಟ್ರಿಕ್ ಗಾಡಿಗಳು, ಎರಡೂ ಸೇರಿ ನನ್ನ ಕೆಲಸಕ್ಕೇ ಕುತ್ತು ತರುತ್ತವೆಯೇ?

ಉತ್ತರ: ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ನಿಮಗೆ ಉಪಯೋಗಕ್ಕೆ ಬರುವುದಿಲ್ಲ, ಅಷ್ಟೇ. ಮೊದಲು ಅವರ ಟೆಸ್ಲಾ ಲೆಕ್ಕವನ್ನೇ ಬಿಡಿಸಿ ನೋಡೋಣ.

2025ರ ಜುಲೈ 15ರಂದು ಟೆಸ್ಲಾ ಮುಂಬೈನಲ್ಲಿ ತನ್ನ ಮೊದಲ ಶೋರೂಂ ತೆರೆಯಿತು. ಆಗ ಮಾಡೆಲ್ ವೈ ಬೆಲೆ 59.89 ಲಕ್ಷದಿಂದ ಶುರುವಾಗುತ್ತಿತ್ತು. ಆ ಕಾರುಗಳು ಬಂದಿದ್ದು ಅಮೆರಿಕದಿಂದಲ್ಲ, ಚೀನಾದ ಶಾಂಘೈ ಕಾರ್ಖಾನೆಯಿಂದ. ಮೊದಲು ಬಂದ ಕೆಲವು ಕಾರುಗಳಿಗೆ ಬಂದರಿನಲ್ಲಿ ತೋರಿಸಿದ ಬೆಲೆ ತಲಾ 27.7 ಲಕ್ಷ ರೂಪಾಯಿ, ಅಂದರೆ ಸುಮಾರು 32 ಸಾವಿರ ಡಾಲರ್. ಪೂರ್ತಿ ಜೋಡಿಸಿಕೊಂಡು ಬರುವ, 40 ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ಕಾರಿಗೆ ನಮ್ಮಲ್ಲಿ ಶೇ 70 ಕಸ್ಟಮ್ಸ್ ಸುಂಕ. ಅದರ ಮೇಲಿನ ಸಣ್ಣಪುಟ್ಟ ಸೆಸ್ಸು ಸೇರಿ 21 ಲಕ್ಷ ದಾಟಿತು. ಅಲ್ಲಿಗೆ 49 ಲಕ್ಷದ ಹತ್ತಿರ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5, ಅದೊಂದು ಎರಡೂವರೆ ಲಕ್ಷ. ಉಳಿದದ್ದು ಶೋರೂಂ ಬಾಡಿಗೆ, ಸಿಬ್ಬಂದಿ, ಲಾಭ. 27 ಲಕ್ಷದ ಕಾರು 60 ಲಕ್ಷ ಆಗುವುದು ಹೀಗೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಅಂತ ನಮ್ಮ ಹಿರಿಯರು ಸುಮ್ನೆ ಹೇಳಿದ್ದಲ್ಲ.

40 ಸಾವಿರ ಡಾಲರ್ ದಾಟಿದ ಕಾರಿಗೆ ಇನ್ನೂ ಜಾಸ್ತಿ. 2025ರ ಬಜೆಟ್‌ನಲ್ಲಿ ಅದರ ಮೂಲ ಸುಂಕವನ್ನು ಶೇ 70ಕ್ಕೆ ಇಳಿಸಿದರು ಅಂತ ದೊಡ್ಡ ಸುದ್ದಿಯಾಯಿತು. ಕೆಳಗಿನ ಸಾಲು ಓದಿದರೆ ಕೃಷಿ ಮೂಲಸೌಕರ್ಯ ಸೆಸ್ ಎಂದು ಶೇ 40 ಸೇರಿಸಿದ್ದರು. ಒಟ್ಟು 110. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗೆ.

ಹಾಗಾದರೆ ಈ ಸುಂಕ ಇಳಿಯುವುದೇ ಇಲ್ಲವಾ? ಇಳಿಯುತ್ತದೆ. ಆಗಲೇ ಇಳಿಯುತ್ತಿದೆ ಕೂಡ. ಆದರೆ ಅದು ಮಹಡಿಯಿಂದ ಕೆಳಗಿಳಿಯುತ್ತಿದೆ, ನೆಲಮನೆಗೆ ಬರುವುದು ಕೊನೆಗೆ. ನಿಮ್ಮ ಭಾವ ಗಮನಿಸದೇ ಬಿಟ್ಟಿದ್ದು ಇದನ್ನೇ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆ ತಂದಿತು. ಇಲ್ಲಿ ಕಾರ್ಖಾನೆಗೆ ಕನಿಷ್ಠ 4,150 ಕೋಟಿ ರೂಪಾಯಿ ಹಾಕುವ ಕಂಪನಿ ವರ್ಷಕ್ಕೆ 8,000 ಎಲೆಕ್ಟ್ರಿಕ್ ಕಾರುಗಳನ್ನು ಬರೀ ಶೇ 15 ಸುಂಕ ಕಟ್ಟಿ ತರಿಸಬಹುದು. ಕೇಳಲು ಚೆನ್ನಾಗಿದೆ. ಆದರೆ ಕಾರಿನ ಬೆಲೆ ಕನಿಷ್ಠ 35 ಸಾವಿರ ಡಾಲರ್ ಇರಬೇಕು. ಮೇಲೆ ಹೇಳಿದ 32 ಸಾವಿರ ಡಾಲರಿನ ಮಾಡೆಲ್ ವೈ ಕೂಡ ಆ ಬಾಗಿಲಲ್ಲಿ ತೂರುವುದಿಲ್ಲ! ಟೆಸ್ಲಾಗೆ ಇಲ್ಲಿ ಶೋರೂಂ ತೆರೆಯುವುದರಲ್ಲಷ್ಟೇ ಆಸಕ್ತಿ, ಕಾರ್ಖಾನೆಯಲ್ಲಿ ಇಲ್ಲ ಎಂದು ಬೃಹತ್ ಕೈಗಾರಿಕೆ ಸಚಿವ ಎಚ್.ಡಿ. ಕುಮಾರಸ್ವಾಮಿ ಅವರೇ 2025ರ ಜೂನ್‌ನಲ್ಲಿ ಹೇಳಿಬಿಟ್ಟರು.

ಬ್ರಿಟನ್ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿತ್ತು. ಅದರಲ್ಲೂ ಎಲೆಕ್ಟ್ರಿಕ್ ಕಾರಿಗೆ ಮೊದಲ ಐದು ವರ್ಷ ರಿಯಾಯಿತಿ ಇಲ್ಲ. ಆಮೇಲೂ 40 ಸಾವಿರ ಪೌಂಡ್‌ಗಿಂತ ಕಡಿಮೆ ಬೆಲೆಯ ಕಾರಿಗೆ ಇಲ್ಲವೇ ಇಲ್ಲ. ನಮ್ಮ ಲೆಕ್ಕದಲ್ಲಿ ಅದು 45 ಲಕ್ಷದ ಮೇಲಿನ ಮಾತು. ಯೂರೋಪ್ ಒಕ್ಕೂಟದ ಜೊತೆ ಮಾತುಕತೆ ಮುಗಿಯಿತು ಎಂದು 2026ರ ಜನವರಿ 27ರಂದು ಘೋಷಿಸಿದರು. ಕಾರಿನ ಸುಂಕ 110ರಿಂದ ಹಂತಹಂತವಾಗಿ 10ಕ್ಕೆ, ಅದೂ ವರ್ಷಕ್ಕೆ ಎರಡೂವರೆ ಲಕ್ಷ ಕಾರಿನ ಮಿತಿಯೊಳಗೆ. ಅಲ್ಲೂ ಎಲೆಕ್ಟ್ರಿಕ್ ಕಾರುಗಳ ಸರದಿ ತಡವಾಗಿಯೇ ಬರುವುದು.

ಎಲ್ಲಾ ಕಡೆ ಒಂದೇ ಜಾಡು ಕಾಣುತ್ತದೆ, ಅಲ್ವಾ? ದುಬಾರಿ ಕಾರಿಗೆ ಬಾಗಿಲು ತೆರೆಯುತ್ತಾರೆ. 10ರಿಂದ 25 ಲಕ್ಷದ ಕಾರಿಗೆ ಬೇಲಿ ಹಾಗೇ ಇರುತ್ತದೆ. ಟಾಟಾ, ಮಹೀಂದ್ರಾ, ಮಾರುತಿ ಎಲ್ಲರೂ ಬಂಡವಾಳ ಸುರಿದಿರುವುದು ಅಲ್ಲೇ. ಸರ್ಕಾರ ಕೂಡ 25,938 ಕೋಟಿಯ ಪ್ರೋತ್ಸಾಹಧನ ಇಟ್ಟು, ಗಾಡಿಯ ಮೌಲ್ಯದಲ್ಲಿ ಅರ್ಧ ಇಲ್ಲೇ ಹುಟ್ಟಬೇಕು ಅಂತ ಷರತ್ತು ಹಾಕಿದೆ. ಅಷ್ಟು ಹಣ ಹಾಕಿದ ಮೇಲೆ ಆ ಬೇಲಿಯನ್ನು ಯಾರೂ ಅಷ್ಟು ಬೇಗ ಕೀಳುವುದಿಲ್ಲ. ನಿಮ್ಮ ಹದಿನೆಂಟು ಲಕ್ಷಕ್ಕೆ ಸುಂಕ ಇಳಿದು ವಿದೇಶಿ ಕಾರು ಬರುವ ದಿನ ಎರಡು ವರ್ಷದಲ್ಲಿ ಬರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಈ ಬೇಲಿ ಒಳ್ಳೆಯದಾ ಕೆಟ್ಟದ್ದಾ ಎಂದು ಕೇಳಿದರೆ ನನ್ನದು ಎರಡು ಮನಸ್ಸು. ಬೇಲಿಯೇ ಇಲ್ಲದಿದ್ದರೆ ಚೀನಾದ ಕಾರುಗಳು ಏನು ಮಾಡುತ್ತವೆ ಎಂಬುದಕ್ಕೆ ಯೂರೋಪ್ ಇದೆ. ಅಲ್ಲಿ ಶೇ 10 ಇದ್ದ ಸುಂಕದ ಮೇಲೆ 2024ರ ಅಕ್ಟೋಬರ್‌ನಲ್ಲಿ ಬಿವೈಡಿಗೆ ಶೇ 17, ಎಂಜಿಯ ಒಡೆಯ ಸೈಕ್ ಕಂಪನಿಗೆ ಶೇ 35.3 ಹೆಚ್ಚುವರಿ ಹಾಕಬೇಕಾಯಿತು. ಬಿವೈಡಿ ಏನು ಮಾಡಿತ್ತು? ಆ ಸುಂಕ ಬರುವ ಮೊದಲೇ, 2023ರ ಡಿಸೆಂಬರ್‌ನಲ್ಲೇ, ಹಂಗೇರಿಯಲ್ಲಿ ಕಾರ್ಖಾನೆ ಕಟ್ಟುವುದಾಗಿ ಘೋಷಿಸಿತ್ತು. ಅಮೆರಿಕ ಇನ್ನೂ ಒರಟು, ಚೀನಾದ ಎಲೆಕ್ಟ್ರಿಕ್ ಕಾರಿಗೆ ಸೀದಾ ಶೇ 100 ಹಾಕಿತು. ನಮ್ಮ ಸುಂಕವೂ ಹೊರಗಿನವರನ್ನು ಇಲ್ಲೇ ಕಾರ್ಖಾನೆ ಕಟ್ಟುವಂತೆ ಮಾಡಿದೆ. ವಿಯೆಟ್ನಾಂನ ವಿನ್‌ಫಾಸ್ಟ್ 2025ರ ಆಗಸ್ಟ್‌ನಲ್ಲಿ ತೂತ್ತುಕುಡಿಯಲ್ಲಿ ಕಾರ್ಖಾನೆ ತೆರೆದಿದ್ದು ನಮ್ಮ ಮೇಲಿನ ಪ್ರೀತಿಗೇನೂ ಅಲ್ಲ. ಇನ್ನೊಂದು ಮನಸ್ಸು ಹೇಳುವುದು ಬೇರೆ. ಬೇಲಿ ಎತ್ತರ ಇದ್ದಷ್ಟೂ ಒಳಗಿನವರು ನಿಧಾನ ಆಗುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ನಮಗೆ ವರ್ಷಗಟ್ಟಲೆ ಆಯ್ಕೆಯೇ ಇರಲಿಲ್ಲ, ನೆನಪಿದೆಯಾ?

ಇದರಲ್ಲಿ ನಮ್ಮ ಬೆಂಗಳೂರಿಗೆ ಒಂದು ಹಳೇ ಕಥೆ ಇದೆ. 2001ರಲ್ಲೇ ಬೊಮ್ಮಸಂದ್ರದಲ್ಲಿ ರೇವಾ ಎಂಬ ಎಲೆಕ್ಟ್ರಿಕ್ ಕಾರು ತಯಾರಾಗುತ್ತಿತ್ತು. ಸೀಸದ ಬ್ಯಾಟರಿ, ಆಟಿಕೆಯಂಥ ಕಾರು. ನಮ್ಮಲ್ಲಿ ಅಷ್ಟಾಗಿ ಓಡಲಿಲ್ಲ. ಅದೇ ಕಾರು ಲಂಡನ್‌ನಲ್ಲಿ ಜಿ-ವಿಜ್ ಎಂಬ ಹೆಸರಲ್ಲಿ ಮಾರಾಟವಾಯಿತು. ಕಾರಣ ಕಾರಿನ ಅಂದಚೆಂದ ಅಲ್ಲ. ನಗರದ ಒಳಗೆ ಬರುವ ಗಾಡಿಗೆ ಅಲ್ಲಿ ದಟ್ಟಣೆ ಶುಲ್ಕ ಇತ್ತು, ಎಲೆಕ್ಟ್ರಿಕ್ ಗಾಡಿಗೆ ವಿನಾಯಿತಿ ಇತ್ತು. ಕಾರು ಓಡುವುದು ಎಷ್ಟೋ ಸಲ ತೆರಿಗೆಯ ಮೇಲೆ, ಬ್ಯಾಟರಿಯ ಮೇಲಲ್ಲ.

ಈಗ ನಿಮ್ಮ ಬೆಲೆಯ ಕಾರಿಗೆ ಬರೋಣ. ಇಲ್ಲಿ ಆಮದು ಸುಂಕ ಕಾರಿನ ಹೊರಗೆ ಕಾಣುವುದಿಲ್ಲ, ಒಳಗೆ ಕೂತಿರುತ್ತದೆ. ಕಾರು ಭಾರತದ್ದು, ಆದರೆ ಬ್ಯಾಟರಿಯ ಸೆಲ್ ಹೆಚ್ಚಾಗಿ ಚೀನಾದ್ದು. ಮಹೀಂದ್ರಾ ಬಿಇ 6ರಲ್ಲಿ ಇರುವುದು ಬಿವೈಡಿಯ ಸೆಲ್. ದೇವನಹಳ್ಳಿ ಹತ್ತಿರದ ಹರಳೂರಿನಲ್ಲಿ ಎಕ್ಸೈಡ್ ಲಿಥಿಯಂ ಸೆಲ್ ಕಾರ್ಖಾನೆ ಕಟ್ಟಿದೆ, ಇಂಥವು ಇನ್ನಷ್ಟು ಬಂದರೆ ಬೆಲೆ ಇಳಿಯುತ್ತದೆ. 2025ರ ಬಜೆಟ್‌ನಲ್ಲಿ ಬ್ಯಾಟರಿ ತಯಾರಿಸುವ 35 ಬಗೆಯ ಯಂತ್ರ ಸಾಮಗ್ರಿಗಳ ಸುಂಕ ತೆಗೆದುಹಾಕಿದರು. ಅದು ಟೆಸ್ಲಾದಷ್ಟು ಸುದ್ದಿಯಾಗಲಿಲ್ಲ. ನಿಮ್ಮಂಥವರ ಜೇಬಿಗೆ ಮುಂದೆ ಲಾಭ ಆಗುವುದು ಟೆಸ್ಲಾ ಸುಂಕಕ್ಕಿಂತ ಅದರಿಂದಲೇ.

ಸುಂಕಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದಿದೆ: ಮಾಲು ಬರದೇ ನಿಲ್ಲುವುದು. ಎಲೆಕ್ಟ್ರಿಕ್ ಮೋಟಾರಿನೊಳಗೆ ಅಯಸ್ಕಾಂತದ ಸಣ್ಣ ತುಂಡುಗಳಿರುತ್ತವೆ. ಮೋಟಾರು ಕಾದಾಗಲೂ ಅವು ಶಕ್ತಿ ಕಳೆದುಕೊಳ್ಳಬಾರದು ಅಂತ ಡಿಸ್ಪ್ರೋಸಿಯಂ, ಟರ್ಬಿಯಂ ಎಂಬ ವಿರಳ ಲೋಹಗಳನ್ನು ಚೂರು ಬೆರೆಸುತ್ತಾರೆ. 2025ರ ಏಪ್ರಿಲ್ 4ರಂದು ಚೀನಾ ಇವುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅಮೆರಿಕದ ಸುಂಕಕ್ಕೆ ಕೊಟ್ಟ ಉತ್ತರ ಅದು. ಜಗಳ ಅವರಿಬ್ಬರದ್ದು, ಪೆಟ್ಟು ತಿಂದವರು ನಾವು. ಮಾರುತಿ ತನ್ನ ಮೊದಲ ಎಲೆಕ್ಟ್ರಿಕ್ ಕಾರು ಇ-ವಿಟಾರಾವನ್ನು ಆರಂಭದ ತಿಂಗಳುಗಳಲ್ಲಿ ಸುಮಾರು 26,500 ಮಾಡುವ ಬದಲು 8,200ಕ್ಕೆ ಇಳಿಸಿತು. ಬಜಾಜ್ ಚೇತಕ್ ಸ್ಕೂಟರಿಗೂ ಬಿಸಿ ತಟ್ಟಿತು. ಆಮೇಲೆ ಎಚ್ಚೆತ್ತ ಕೇಂದ್ರ ಸರ್ಕಾರ ನವೆಂಬರ್‌ನಲ್ಲಿ ಇಲ್ಲೇ ಅಯಸ್ಕಾಂತ ಮಾಡಲು 7,280 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಎದ್ದು ಮಾಲು ಬರಲು ವರ್ಷಗಳು ಬೇಕು.

ಆದ್ದರಿಂದ ನಿಮ್ಮ ಲೆಕ್ಕಕ್ಕೆ ಬೇಕಾದ ತೆರಿಗೆ ಬಂದರಿನದ್ದಲ್ಲ, ಊರಿನದ್ದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ಸಣ್ಣ ಪೆಟ್ರೋಲ್ ಕಾರು ಶೇ 18ಕ್ಕೆ ಇಳಿಯಿತು, ದೊಡ್ಡ ಕಾರುಗಳಿಗೆ ಶೇ 40. ಎಲೆಕ್ಟ್ರಿಕ್ 5ರಲ್ಲೇ ಉಳಿಯಿತು. ಇದರಿಂದ ಸಣ್ಣ ಕಾರಿನಲ್ಲಿ ಎಲೆಕ್ಟ್ರಿಕ್‌ಗೆ ಇದ್ದ ಅನುಕೂಲ ಕಡಿಮೆ ಆಗಿದೆ. ಏಳೆಂಟು ಲಕ್ಷದ ಕಾರು ಕೊಳ್ಳುವವರು ಕೇಳಿದ್ದರೆ ನಾನು ಇನ್ನೊಮ್ಮೆ ಯೋಚಿಸಿ ಎನ್ನುತ್ತಿದ್ದೆ. ನಿಮ್ಮ 18 ಲಕ್ಷದ ಎಸ್‌ಯುವಿಗಳಲ್ಲಿ ಅಂತರ ಇನ್ನೂ ದೊಡ್ಡದೇ ಇದೆ. ರಾಜ್ಯದ ಜೀವಾವಧಿ ತೆರಿಗೆಯಲ್ಲೂ ಎಲೆಕ್ಟ್ರಿಕ್‌ಗೆ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷ ದಾಟಿದ ಕಾರಿಗೆ ಶೇ 10 ಹಾಕಿದರು. ಈ ನಿಯಮ ಆಗಾಗ ಬದಲಾಗುತ್ತದೆ. ಬುಕ್ ಮಾಡುವ ದಿನ ಆರ್‌ಟಿಒ ಕಚೇರಿಯಲ್ಲೇ ಕೇಳಿ, ಡೀಲರ್ ಬಾಯಿಮಾತು ನಂಬಬೇಡಿ.

ಕಾಯುವುದರ ಬೆಲೆ ಎಷ್ಟು ಅಂತ ನೋಡೋಣ. ದಿನಕ್ಕೆ 120 ಕಿ.ಮೀ., ತಿಂಗಳಿಗೆ 25 ದಿನ, ಒಟ್ಟು 3,000. ಪೆಟ್ರೋಲ್ ಕಾರು ಲೀಟರಿಗೆ 15 ಕೊಟ್ಟರೆ 200 ಲೀಟರ್. ಲೀಟರಿಗೆ ಬರೀ 100 ರೂಪಾಯಿ ಹಿಡಿದರೂ 20 ಸಾವಿರ. ಎಲೆಕ್ಟ್ರಿಕ್ ಕಾರು ಹೆದ್ದಾರಿ ವೇಗದಲ್ಲಿ ಯೂನಿಟ್‌ಗೆ 6 ಕಿ.ಮೀ. ಓಡುತ್ತದೆ ಅಂತಿಟ್ಟುಕೊಳ್ಳಿ. 500 ಯೂನಿಟ್. ಮನೆಯ ಕರೆಂಟು ಯೂನಿಟ್‌ಗೆ ಸುಮಾರು 6 ರೂಪಾಯಿ, ಅಂದರೆ 3 ಸಾವಿರ.

ಇಲ್ಲಿ ಯಾವ ಶೋರೂಂನವರೂ ಹೇಳದ ಒಂದು ಮಾತಿದೆ. ನಿಮ್ಮ ಮನೆಗೆ ಗೃಹಜ್ಯೋತಿ ಇದೆಯಾ? ಇದ್ದರೆ, ಕಾರು ಚಾರ್ಜ್ ಮಾಡಲು ಶುರು ಮಾಡಿದ ತಿಂಗಳೇ 200 ಯೂನಿಟ್ ದಾಟುತ್ತೀರಿ. ಆಗ ಬರೀ ಜಾಸ್ತಿ ಆದದ್ದಕ್ಕಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಇಷ್ಟು ದಿನ ಸೊನ್ನೆ ಬರುತ್ತಿದ್ದ ಮನೆಯ ಬಿಲ್ಲೂ ಇದರ ಜೊತೆ ಸೇರಿಕೊಳ್ಳುತ್ತದೆ. ಗಾಡಿಗೆ ಬೇರೆ ಸಂಪರ್ಕ ತೆಗೆದುಕೊಳ್ಳಬಹುದಾ ಅಂತ ಬೆಸ್ಕಾಂ ಉಪವಿಭಾಗದಲ್ಲಿ ವಿಚಾರಿಸಿ. ಅದೂ ಸೇರಿಸಿ ತಿಂಗಳಿಗೆ 4 ಸಾವಿರ ಅನ್ನೋಣ. ಆದರೂ ಉಳಿಯುವುದು 16 ಸಾವಿರ. ವರ್ಷಕ್ಕೆ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಹಳೇ ಕಾರು ಹೇಗೂ ಮಾರುವುದೇ ಆದರೆ, ಭಾವನ ಮಾತು ಕೇಳಿ ಎರಡು ವರ್ಷ ಕಾಯುವುದಕ್ಕೆ ಸುಮಾರು ನಾಲ್ಕು ಲಕ್ಷ ಕೊಟ್ಟಂತಾಯಿತು. ಅಷ್ಟು ಹಣವನ್ನು ವಾಪಸ್ ಕೊಡುವ ಸುಂಕ ಕಡಿತ ನಿಮ್ಮ ಬೆಲೆಯ ಕಾರಿನಲ್ಲಿ ಬರುವ ಲಕ್ಷಣ ನನಗಂತೂ ಕಾಣುತ್ತಿಲ್ಲ.

ಇದು ದಿನಾ 120 ಕಿ.ಮೀ. ಓಡಿಸುವವರ ಲೆಕ್ಕ, ಮರೆಯಬೇಡಿ. ದಿನಕ್ಕೆ 15 ಕಿ.ಮೀ. ಓಡಿಸುವವರಿಗೆ ಇದೇ ಉತ್ತರ ಕೊಡುವುದಿಲ್ಲ. ಅವರು ಆರಾಮಾಗಿ ಕಾಯಲಿ.

ಯಾವ ಕಾರು ಅಂತ ನೀವು ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ. ಟಾಟಾದ ಎಲೆಕ್ಟ್ರಿಕ್ ನೆಕ್ಸಾನ್ 2020ರಿಂದ ರಸ್ತೆಯಲ್ಲಿದೆ. ಅದರ ಕಾಯಿಲೆಗಳೆಲ್ಲ ಎಲ್ಲರಿಗೂ ಗೊತ್ತು, ತುಮಕೂರಿನ ಮೆಕ್ಯಾನಿಕ್‌ಗೂ ಗೊತ್ತು. ಅದೊಂದು ಅನುಕೂಲವೇ. ಎಂಜಿ ವಿಂಡ್ಸರ್ ಒಳಗೆ ಜಾಗ ಚೆನ್ನಾಗಿದೆ, ಹಿಂದೆ ಕೂತ ಅಮ್ಮಂದಿರಿಗೆ ಇಷ್ಟ ಆಗುತ್ತದೆ. ಬ್ಯಾಟರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಕಟ್ಟುವ ಅದರ ಯೋಜನೆ ಮಾತ್ರ ನಿಮಗೆ ಬೇಡ. 2024ರಲ್ಲಿ ಶುರುವಾದಾಗ ಅದು ಕಿ.ಮೀ.ಗೆ ಮೂರೂವರೆ ರೂಪಾಯಿ ಇತ್ತು. ನಿಮ್ಮ 3,000 ಕಿ.ಮೀ.ಗೆ ತಿಂಗಳಿಗೆ ಹತ್ತೂವರೆ ಸಾವಿರ! ಕಡಿಮೆ ಓಡಿಸುವವರಿಗೆ ಮಾಡಿದ ಯೋಜನೆ ಅದು. ಕ್ರೆಟಾ ಎಲೆಕ್ಟ್ರಿಕ್ ನಿಮ್ಮ ಬಜೆಟ್‌ನ ಅಂಚಿನಲ್ಲಿದೆ. ಓಡಿಸಲು ನನಗೆ ಹಿಡಿಸಿತು. ಬಿಇ 6 ನೋಡಲು ಜೋರಾಗಿದೆ, ಹಿಂದಿನ ಸೀಟು ಇಕ್ಕಟ್ಟು. ಮನೆಮಂದಿಯನ್ನು ಕೂರಿಸಿ ನೋಡದೇ ಬುಕ್ ಮಾಡಬೇಡಿ.

ಕಂಪನಿ ಹೇಳುವ ಕಿಲೋಮೀಟರಿನಲ್ಲಿ ಕಾಲು ಭಾಗ, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ ಕಳೆದುಬಿಡಿ. ಉಳಿದದ್ದರಲ್ಲಿ ನಿಮ್ಮ ಪೀಣ್ಯ ಓಡಾಟ ಇವುಗಳಲ್ಲಿ ಯಾವುದರಲ್ಲೂ ಸಲೀಸು. ದೂರದ ಪ್ರಯಾಣದಲ್ಲಿ ಮಾತ್ರ ತಾಳ್ಮೆ ಬೇಕು. ಕಳೆದ ವರ್ಷ ಹುಬ್ಬಳ್ಳಿಗೆ ಹೊರಟವನು ಹಿರಿಯೂರು ದಾಟಿದ ಮೇಲೆ ಒಂದು ಚಾರ್ಜರ್ ಮುಂದೆ ನಿಂತೆ. ಆ್ಯಪ್‌ನಲ್ಲಿ ಹಸಿರು ಬಣ್ಣ, ಎದುರಿಗೆ ನಿಂತರೆ ಪರದೆಯೇ ಕಪ್ಪು. ಪಕ್ಕದ ಹೋಟೆಲಿನವನು, "ಅದು ಕೆಟ್ಟು ವಾರ ಆಯ್ತು ಸಾರ್" ಅಂದ. ಏಸಿ ಆರಿಸಿಕೊಂಡು, ಅರವತ್ತರ ವೇಗದಲ್ಲಿ ಚಿತ್ರದುರ್ಗ ಮುಟ್ಟಿದೆ. ಹೆಂಡತಿ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಈಗ ಮೊದಲನೇ ಚಾರ್ಜರ್ ಕೆಟ್ಟಿದ್ದರೆ ಎರಡನೆಯದು ಎಲ್ಲಿ ಅಂತ ನೋಡಿಕೊಂಡೇ ಹೊರಡುತ್ತೇನೆ.

ಕೊನೆಗೆ ನಿಮ್ಮ ಕೆಲಸದ ಮಾತು. ಕಾರಿಗಿಂತ ದೊಡ್ಡ ಪ್ರಶ್ನೆ ಇದೇ.

ಅಮೆರಿಕ 1962ರ ಒಂದು ಕಾನೂನು ಹಿಡಿದು, ದೇಶದ ಭದ್ರತೆಯ ಕಾರಣ ಕೊಟ್ಟು, 2025ರ ಏಪ್ರಿಲ್ 3ರಿಂದ ಕಾರುಗಳಿಗೆ ಶೇ 25 ಸುಂಕ ಹಾಕಿತು. ಮೇ 3ರಿಂದ ಬಿಡಿಭಾಗಗಳಿಗೂ. ಆಮೇಲೆ ಜಪಾನ್, ಯೂರೋಪ್ ಚೌಕಾಸಿ ಮಾಡಿ 15ಕ್ಕೆ ಇಳಿಸಿಕೊಂಡವು. ಮೆಕ್ಸಿಕೋದಲ್ಲಿ ಅಲ್ಲಿನ ಒಪ್ಪಂದದ ಷರತ್ತಿನಂತೆ ಮಾಡಿದ ಬಿಡಿಭಾಗಕ್ಕೆ ಈ ಸುಂಕದಿಂದ ವಿನಾಯಿತಿ ಸಿಕ್ಕಿತು. ಹಾಗಾಗಿ ನಿಮಗೆ ನೋವು ಕೊಡುವುದು 25 ಎಂಬ ಅಂಕಿ ಅಲ್ಲ, ಪಕ್ಕದವನಿಗೆ ಎಷ್ಟಿದೆ ಎಂಬ ಅಂತರ. ಈ ಸುಂಕವನ್ನು ಬಂದರಿನಲ್ಲಿ ಕಟ್ಟುವವನು ಅಲ್ಲಿನ ಖರೀದಿದಾರ. ಕಟ್ಟಿದ ಮಾರನೇ ದಿನ ನಿಮ್ಮ ಯಜಮಾನರಿಗೆ ಮೇಲ್ ಬರುತ್ತದೆ, "ಅರ್ಧ ನೀವು ಹೊರಿ" ಅಂತ. ಆ ಚೌಕಾಸಿಯಲ್ಲಿ ಗೆಲ್ಲುವುದು ಬೇರೆಯವರು ಸುಲಭವಾಗಿ ಮಾಡಲಾಗದ ಭಾಗ ಮಾಡುವವರು. ಹೊಸ ಸಪ್ಲೈಯರ್‌ನನ್ನು ಹುಡುಕಿ, ಸ್ಯಾಂಪಲ್ ಪರೀಕ್ಷಿಸಿ, ಒಪ್ಪಿಗೆ ಕೊಡಲು ಅಲ್ಲಿನ ಕಾರು ಕಂಪನಿಗೂ ಒಂದೆರಡು ವರ್ಷ ಹಿಡಿಯುತ್ತದೆ. ನೀವು ಕಾರ್ಖಾನೆಯ ಒಳಗಿನವರು, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಎಲೆಕ್ಟ್ರಿಕ್ ಗಾಡಿಯ ಭಯದ ವಿಷಯದಲ್ಲಿ ಒಂದು ತಮಾಷೆ ಇದೆ. ಅಮೆರಿಕ 2025ರ ಸೆಪ್ಟೆಂಬರ್ 30ಕ್ಕೆ ಎಲೆಕ್ಟ್ರಿಕ್ ಕಾರಿಗೆ ಕೊಡುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ ನಿಲ್ಲಿಸಿತು. ಡಿಸೆಂಬರ್‌ನಲ್ಲಿ ಫೋರ್ಡ್ ತನ್ನ ಎಲೆಕ್ಟ್ರಿಕ್ ಯೋಜನೆಗಳನ್ನು ಕಡಿತ ಮಾಡಿ, 19.5 ಬಿಲಿಯನ್ ಡಾಲರ್ ನಷ್ಟ ಬರೆದುಕೊಳ್ಳುವುದಾಗಿ ಹೇಳಿತು. ಅಂದರೆ ಅಲ್ಲಿ ಎಂಜಿನ್ ಕಾರಿನ ಆಯಸ್ಸು ಎಲ್ಲರೂ ಅಂದುಕೊಂಡದ್ದಕ್ಕಿಂತ ಉದ್ದ ಆಯಿತು. ಸುಂಕ ಹಾಕಿದ ಸರ್ಕಾರವೇ ನಿಮ್ಮ ಎಂಜಿನ್ ಭಾಗಗಳಿಗೆ ಇನ್ನಷ್ಟು ವರ್ಷ ಕೊಟ್ಟಿದೆ!

ಆದರೂ ನಿಮ್ಮ ಲೈನಿನಲ್ಲಿ ಏನು ಬರುತ್ತದೆ ಎಂಬುದರ ಮೇಲೆ ಎಲ್ಲಾ ನಿಂತಿದೆ. ವಾಲ್ವ್, ಪಿಸ್ಟನ್ ಪಿನ್, ಕ್ಲಚ್ ಭಾಗಗಳಾದರೆ ಎಲೆಕ್ಟ್ರಿಕ್ ಕಾರಿನಲ್ಲಿ ಅವಕ್ಕೆ ಜಾಗವೇ ಇಲ್ಲ. ಗೇರ್, ಶಾಫ್ಟ್, ಬೇರಿಂಗ್, ಬ್ರೇಕ್, ಸಸ್ಪೆನ್ಷನ್ ಆದರೆ ಅಲ್ಲೂ ಬೇಕು. ಅಲ್ಲಿನ ಗೇರಿಗೆ ಇನ್ನೂ ನಾಜೂಕು ಬೇಕು, ಏಕೆಂದರೆ ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಗೇರಿನ ಸಣ್ಣ ಕಿರುಗುಟ್ಟುವಿಕೆಯೂ ಕೇಳುತ್ತದೆ. ಅದನ್ನು ಅಳೆಯಬಲ್ಲ ಕ್ವಾಲಿಟಿ ಮನುಷ್ಯನಿಗೆ ಪೀಣ್ಯದಲ್ಲಿ ಕೆಲಸಕ್ಕೆ ಬರ ಬರುವುದಿಲ್ಲ. ನಿಮ್ಮ ರಫ್ತು ವಿಭಾಗದವರ ಹತ್ತಿರ ಹೋಗಿ, ನಿಮ್ಮ ಭಾಗ ಯಾವ ಎಚ್‌ಎಸ್ ಕೋಡ್‌ನಲ್ಲಿ (ಸುಂಕದ ಲೆಕ್ಕಕ್ಕೆ ಪ್ರತಿ ಬಗೆಯ ಸರಕಿಗೂ ಕೊಡುವ ಸಂಖ್ಯೆ) ಹೋಗುತ್ತದೆ, ಈಗ ಅದಕ್ಕೆ ಎಷ್ಟು ಸುಂಕ, ಮುಂದಿನ ಮೂರು ವರ್ಷದ ಆರ್ಡರ್ ಯಾವ ಮಾದರಿಯ ಗಾಡಿಗೆ ಎಂದು ಕೇಳಿ. ಚಹಾ ಕುಡಿಯುವಾಗ ಕೇಳಿದರೆ ಹೇಳುತ್ತಾರೆ. ಆ ಉತ್ತರದಲ್ಲಿ ಮುಂದಿನ ಆರ್ಡರ್ ಇಲ್ಲ ಅಂತ ಬಂದರೆ ಮಾತ್ರ, ಕಾರಿನ ಸಾಲವನ್ನು ಒಂದು ವರ್ಷ ಮುಂದೂಡಿ. ಆಗ ಕಾಯುವುದಕ್ಕೆ ಅದು ಸರಿಯಾದ ಕಾರಣ.

ಆರ್ಡರ್ ಇದೆ ಅಂದರೆ, ಬುಕ್ ಮಾಡುವ ಮೊದಲು ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಹಳೇ ಮನೆಗಳಲ್ಲಿ ಅದು ಹೆಚ್ಚಾಗಿ ಕೆಟ್ಟಿರುತ್ತದೆ, ಅರ್ಥಿಂಗ್ ಸರಿ ಇಲ್ಲದಿದ್ದರೆ ಕಾರು ಚಾರ್ಜ್ ತೆಗೆದುಕೊಳ್ಳುವುದೇ ಇಲ್ಲ.